ಚೀಲದ ತುಲಾಭಾರ

ಸೂರಪ್ಪ ಮಗಳಿಗೆ ಬಿಂದು ಎಂದು ಹೆಸರಿಟ್ಟಿದ್ದು ಹುಟ್ಟಿದಾಗ ಅವಳು ಅಂಗೈಯಗಲ ಇದ್ದಳು ಎಂಬ ಕಾರಣಕ್ಕೆ. ಕೂಸು ಉಳಿಯುವುದು ಕಷ್ಟ ಎಂದು ಸೂಲಗಿತ್ತಿ ಹೇಳಿದ್ದಳು. ಹೆಸರು ಇದ್ದಷ್ಟೇ ಉಳಿಯಿತು. ಕೂಸು ಮಾತ್ರ ಯಾರ ಮಾತೂ ಕೇಳದೆ ಬೆಳೆಯಿತು. ಈಗ ಬಿಂದು ಹತ್ತಿ ಕೂತರೆ ಆಟೋದವನು ಇನ್ನೊಬ್ಬರನ್ನು ಹತ್ತಿಸಿಕೊಳ್ಳುವ ಆಸೆ ಬಿಡುತ್ತಾನೆ. ಅವರ ಕೇರಿಯಿರುವ ಆನೆಕೊಂಡಕ್ಕೆ ಆನೆಕೊಂಡ ಅನ್ನುವ ಹೆಸರು ಬಂದದ್ದೇ ಇವಳಿಂದ ಎಂದು ಅಲ್ಲಿನ ಹೆಂಗಸರು ನಗುತ್ತಾರೆ. ಬಿಂದುವೂ ನಗುತ್ತಾಳೆ. ಅವಳು ನಕ್ಕಾಗ ಎದುರಿಗಿದ್ದವರು ಸ್ವಲ್ಪ ಹಿಂದೆ ಸರಿದು ನಿಲ್ಲುವುದು ವಾಡಿಕೆ.

ಅವಳ ಮೈಗೆ ಆ ಬಲ ಹಾಲು ತುಪ್ಪದಿಂದ ಬಂದದ್ದಲ್ಲ. ಮಣ್ಣಿನಿಂದ ಬಂದದ್ದು.

ದಾವಣಗೆರೆಯ ಹಳೇ ಪೇಟೆಯಲ್ಲಿ ಕಲ್ಬಾಗಿಲ ಗರಡಿ ಎಂಬುದೊಂದಿದೆ. ಅಲ್ಲಿ ಕುಸ್ತಿ ಆಡುವವರು ಕಡಿಮೆಯಾಗಿದ್ದಾರೆ, ಟ್ರಸ್ಟಿನ ಸದಸ್ಯರು ಹೆಚ್ಚಾಗಿದ್ದಾರೆ. ಆದರೂ ವರ್ಷಕ್ಕೊಮ್ಮೆ, ನಾಗರಪಂಚಮಿಗೆ ಮುಂಚೆ, ಅಖಾಡದ ಹಳೇ ಮಣ್ಣು ತೆಗೆದು ಹೊಸ ಕೆಮ್ಮಣ್ಣು ತುಂಬಬೇಕು. ಅದನ್ನು ತರುವುದು ಸೂರಪ್ಪನ ಮನೆತನದ ಕೆಲಸ. ಅವನ ಅಪ್ಪ ಗಾಡಿಯಲ್ಲಿ ತರುತ್ತಿದ್ದ. ಸೂರಪ್ಪ ಬಾಡಿಗೆ ಟ್ರ್ಯಾಕ್ಟರಿನಲ್ಲಿ ತರುತ್ತಾನೆ. ಕೊಂಡಜ್ಜಿ ಗುಡ್ಡದ ಬುಡದಲ್ಲಿ ಅಗೆಯಬೇಕು. ಹೆಂಟೆ ಒಡೆಯಬೇಕು. ಜರಡಿ ಹಿಡಿಯಬೇಕು. ಒಂದು ಹರಳು ಉಳಿದರೂ ಪೈಲ್ವಾನರ ಬೆನ್ನು ಗೀರುತ್ತದೆ, ಬೈಗುಳ ಸೂರಪ್ಪನ ಬೆನ್ನಿಗೆ ಬೀಳುತ್ತದೆ. ಜರಡಿ ಹಿಡಿದು ಹಿಡಿದು ಅವನ ಬಲ ಹೆಗಲು ಕೆಳಗೆ ಜಾರಿದೆ. ಅಂಗೈ ಗೆರೆಗಳೊಳಗಿನ ಕೆಂಪು ಯಾವ ಸೋಪಿಗೂ ಹೋಗುವುದಿಲ್ಲ.

ಮಣ್ಣನ್ನು ಅವನು ಬಾಗಿಲವರೆಗೆ ತರುತ್ತಾನೆ. ಹೊಸ್ತಿಲಲ್ಲಿ ಬುಟ್ಟಿ ಇಡುತ್ತಾನೆ. ಅಲ್ಲಿಂದಾಚೆ ಪೈಲ್ವಾನರು ಹೊರುತ್ತಾರೆ. ಒಳಗೆ ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಸಿನ ಬೀಳುತ್ತದೆ. ಆಂಜನೇಯನ ಗೂಡಿನ ಮುಂದೆ ಪೂಜೆಯಾಗುತ್ತದೆ. ಆಮೇಲೆ ಅದು ಹಣೆಗೆ ಹಚ್ಚಿಕೊಳ್ಳುವ ಮಣ್ಣು. ಸೂರಪ್ಪ ಒಳಗೆ ಹೋಗುವುದಿಲ್ಲ. ಅವನು ದಲಿತ. ಇದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಹೇಳುವ ಪ್ರಸಂಗವೂ ಬಂದಿರಲಿಲ್ಲ. ಮಣ್ಣಿನ ಜೊತೆ ಅವನ ಬೆವರು ಒಳಗೆ ಹೋಗುತ್ತಿತ್ತು. ಅದಕ್ಕೆ ಮಾತ್ರ ಯಾರ ಆಕ್ಷೇಪವೂ ಇರಲಿಲ್ಲ.

ಸೂರಪ್ಪನಿಗೆ ಒಂದೇ ಆಸೆ. ತಾನು ಹಾಕಿದ ಮಣ್ಣು ಒಳಗೆ ಹೆಂಗೆ ಕಾಣುತ್ತದೆ ಎಂದು ಒಮ್ಮೆ ನೋಡಬೇಕು. ಬಾಗಿಲಿನಿಂದ ಅಖಾಡದ ಒಂದು ಮೂಲೆ ಮಾತ್ರ ಕಾಣುತ್ತದೆ, ಅದೂ ಬಗ್ಗಿ ನೋಡಿದರೆ. ಬುಟ್ಟಿ ಇಡುವ ನೆವದಲ್ಲಿ ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿರುತ್ತಿದ್ದ. ಹೆಂಡತಿ ಉಚ್ಚೆಂಗೆಮ್ಮ ಇದನ್ನು ಕಂಡಿದ್ದಳು. ಮನೆಯಲ್ಲಿ ಅವನ ಸೊಂಟ ಹಿಡಿದುಕೊಂಡಾಗಲೆಲ್ಲ, ಇಣುಕಿ ನೋಡಿ ಬಂದ ನೋವು ಇದು, ಇದಕ್ಕೆ ಎಣ್ಣೆ ತಿಕ್ಕುವುದಿಲ್ಲ ಎಂದು ಕಾಡುತ್ತಿದ್ದಳು. ಕಾಡಿಕಾಡಿ ಆಮೇಲೆ ತಿಕ್ಕುತ್ತಿದ್ದಳು.

ಬಿಂದು ಚಿಕ್ಕವಳಿದ್ದಾಗಿನಿಂದ ಅಪ್ಪನ ಜೊತೆ ಗುಡ್ಡಕ್ಕೆ ಹೋದವಳು. ಬೇರೆ ಹುಡುಗಿಯರು ಬುಟ್ಟಿ ಹೊತ್ತರೆ ಇವಳು ಬುಟ್ಟಿ ಎಸೆಯುತ್ತಿದ್ದಳು. ಒಮ್ಮೆ ಹಾಗೆ ನೆಲದಿಂದ ನೇರ ಟ್ರೈಲರಿಗೆ ತುಂಬಿದ ಬುಟ್ಟಿ ಎಸೆಯುವಾಗ ಮಕ್ತುಮ್ ಸಾಬ್ ನೋಡಿದರು. ಅವರು ಹರಿಹರದವರು. ಮಿಲಿಟರಿಯಲ್ಲಿದ್ದಾಗ ಬಾಕ್ಸಿಂಗ್ ಆಡಿ ಮೂಗು ಚಪ್ಪಟೆ ಮಾಡಿಕೊಂಡವರು. ಕೊಂಡಜ್ಜಿಯ ಸ್ಕೌಟ್ ಶಿಬಿರಕ್ಕೆ ಕಸರತ್ತು ಹೇಳಿಕೊಡಲು ಬಂದಿದ್ದರು. ಮಕ್ಕಳನ್ನು ಅರ್ಧಕ್ಕೆ ಬಿಟ್ಟು ಟ್ರ್ಯಾಕ್ಟರಿನ ಹತ್ತಿರ ಬಂದು, ಈ ಹುಡುಗಿಯನ್ನು ತಮ್ಮ ಕೈಗೆ ಕೊಡಬೇಕೆಂದು ಸೂರಪ್ಪನನ್ನು ಕೇಳಿದರು. ಹೆಣ್ಣುಮಗಳು ಗುದ್ದಾಡುವುದು ಏನು ಚಂದ ಎಂದು ಸೂರಪ್ಪ ತಲೆ ಕೆರೆದುಕೊಂಡ. ಉಚ್ಚೆಂಗೆಮ್ಮನೇ ತೀರ್ಮಾನ ಕೊಟ್ಟಳು.

“ಹೆಂಗೂ ಕೇರಿ ಹುಡುಗ್ರಿಗೆಲ್ಲ ಗುದ್ದತಾಳೆ. ಕಲ್ತಾದ್ರೂ ಗುದ್ಲಿ ಬಿಡು.”

ಹರಿಹರದಲ್ಲಿ ಹೊಳೆಯ ಕಡೆಗೆ, ಮುಚ್ಚಿಹೋದ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಮಕ್ತುಮ್ ಸಾಬರ ಶಾಲೆ. ತಗಡಿನ ಮಾಡು, ಹಗ್ಗದ ರಿಂಗು. ಗುದ್ದಲು ಚರ್ಮದ ಚೀಲ ಕೊಳ್ಳುವ ತಾಕತ್ತು ಯಾರಿಗೂ ಇರಲಿಲ್ಲ. ಸೂರಪ್ಪ ಗೋಣಿಚೀಲಕ್ಕೆ ಭತ್ತದ ಹೊಟ್ಟು, ಗರಡಿಗೆಂದು ಜರಡಿ ಹಿಡಿದು ಉಳಿದ ಮಣ್ಣು ಬೆರೆಸಿ ತುಂಬಿ ಹೊಲಿದು ಕೊಟ್ಟ. ಬಿಂದು ಆರೇಳು ವರ್ಷ ಆ ಚೀಲಕ್ಕೆ ಗುದ್ದಿದಳು. ಗೆಣ್ಣು ಸುಲಿಯಿತು, ಒಣಗಿತು, ಮತ್ತೆ ಸುಲಿಯಿತು. ಚೀಲಗಳು ಹರಿದವು. ಅಪ್ಪ ಹೊಸವು ತುಂಬಿದ.

ಬಾಕ್ಸಿಂಗಿನಲ್ಲಿ ತೂಕಕ್ಕೊಂದು ವರ್ಗ. ಎಲ್ಲ ವರ್ಗಕ್ಕೂ ಮೇಲೊಂದು ಮಿತಿ ಉಂಟು, ಅದನ್ನು ದಾಟಬಾರದೆಂದು ಹುಡುಗಿಯರು ಅನ್ನ ಬಿಡುತ್ತಾರೆ, ಎಂಜಲನ್ನೂ ಉಗಿಯುತ್ತಾರೆ. ಎಲ್ಲಕ್ಕಿಂತ ಮೇಲಿನ ವರ್ಗಕ್ಕೆ ಮಾತ್ರ ಕೆಳಗೊಂದು ಗೆರೆ ಇದೆ, ಮೇಲೆ ಆಕಾಶ. ಎಂಬತ್ತೊಂದು ಕಿಲೋ ದಾಟಿದವರೆಲ್ಲ ಬರಬಹುದು. ಅದು ಬಿಂದುವಿನ ವರ್ಗ. ದೇಶದ ತಂಡಕ್ಕೆ ಆಯ್ಕೆಯಾಗಿ ಪಂದ್ಯಾವಳಿಗೆಂದು ತಾಷ್ಕೆಂಟಿಗೆ ಹೊರಟಾಗ, ಬರೀ ತಿಂದು ತೂಕ ಉಳಿಸಿಕೊಂಡರೂ ಸಾಕಲ್ಲ ಎಂದು ಕೇರಿಯ ಹುಡುಗಿಯರು ಹೊಟ್ಟೆಕಿಚ್ಚುಪಟ್ಟರು. ಉಚ್ಚೆಂಗೆಮ್ಮ ದಾರಿಗೆಂದು ಖಾರದ ಮಂಡಕ್ಕಿ ಕಟ್ಟಿದಳು. ಚೀಲ ನೋಡಿದರೆ ದಿಂಬಿನಷ್ಟು. ತೂಕ ನೋಡಿದರೆ ಅರ್ಧ ಕಿಲೋ ಇಲ್ಲ. ತೂಕ ಏರಬೇಕಾದವಳಿಗೆ ಮಂಡಕ್ಕಿ ಕಟ್ಟಿದ ತಾಯಿ ಇಡೀ ಪ್ರಪಂಚದಲ್ಲಿ ಇವಳೊಬ್ಬಳೇ ಎಂದು ಮಕ್ತುಮ್ ಸಾಬ್ ಹಣೆ ಚಚ್ಚಿಕೊಂಡರು.

ಆದದ್ದೂ ಹಾಗೇ. ಪರದೇಶದ ಸಪ್ಪೆ ಊಟ ಸೇರದೆ ಬಿಂದು ಇಳಿದುಬಿಟ್ಟಳು. ಊರಲ್ಲಿ ಎಲ್ಲರೂ ನಗುವಷ್ಟು ದಪ್ಪ ಇದ್ದವಳು ಅಲ್ಲಿನ ತಕ್ಕಡಿಗೆ ಸಾಲದೆ ಹೋಗುವ ಹಾಗಾಯಿತು. ತೂಗುವ ಬೆಳಗ್ಗೆ ಬಾಳೆಹಣ್ಣು ತಿಂದು, ಹೊಟ್ಟೆ ಬಿರಿಯುವಷ್ಟು ನೀರು ಕುಡಿದು, ಅಳ್ಳಾಡದೆ ಹೋಗಿ ನಿಂತಳು. ಮುಳ್ಳು ಗೆರೆ ದಾಟಿತು. ಊರಿಗೆ ಬಂದ ಮೇಲೆ ಅಪ್ಪನಿಗೆ ಅವಳು ಹೇಳಿದ್ದು ಪಂದ್ಯದ ಸುದ್ದಿಯಲ್ಲ, ಈ ತಕ್ಕಡಿಯ ಸುದ್ದಿ.

“ಹೆಸ್ರು ಕೇಳಿದ್ರು. ತೂಕ ನೋಡಿದ್ರು. ಒಳಗ ಬಿಟ್ರು. ಅಷ್ಟೇ ಕಣಪ್ಪ.”

“ಮತ್ತೇನೂ ಕೇಳ್ಲಿಲ್ವಾ?” ಎಂದ ಸೂರಪ್ಪ.

“ಏನೂ ಕೇಳ್ಲಿಲ್ಲ.”

ಸೂರಪ್ಪನಿಗೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಆ ವರ್ಗದಲ್ಲಿ ಆಡುವವರೇ ಕಡಿಮೆ. ಬಿಂದು ಮೊದಲ ಎದುರಾಳಿಯನ್ನು ಗೆದ್ದಳು, ಅಷ್ಟಕ್ಕೇ ಫೈನಲ್ಲು. ಅಲ್ಲಿ ಬಾಗಿಲಿನಷ್ಟು ಅಗಲದ ಒಬ್ಬ ಕಜಾಕ್ ಹೆಂಗಸು ಇವಳ ಹುಬ್ಬು ಒಡೆದಳು. ಇವಳೂ ಅವಳ ಮೂಗಿನಲ್ಲಿ ರಕ್ತ ತರಿಸಿದಳು. ಸೋತಳು. ಬೆಳ್ಳಿ ಬಂತು. ಪತ್ರಿಕೆಯವರು “ಅತಿ ಹೆಚ್ಚು ತೂಕದ ವಿಭಾಗದಲ್ಲಿ ದಾವಣಗೆರೆಯ ಹುಡುಗಿಗೆ ಬೆಳ್ಳಿ” ಎಂದು ಬರೆದರು.

ಈ ಸಾಲನ್ನು ಕಲ್ಬಾಗಿಲ ಗರಡಿಯ ಅಧ್ಯಕ್ಷರಾದ ಶಿವಯೋಗಪ್ಪನವರು ಕನ್ನಡಕ ಹಾಕಿಕೊಂಡೇ ಓದಿದರು. ಆದರೂ ಅವರಿಗೆ ತಿಳಿದದ್ದು ಬೇರೆ. ಪ್ರಪಂಚದ ಭಾರೀ ಹೆಂಗಸರನ್ನೆಲ್ಲ ಒಂದು ಕಡೆ ಕೂಡಿಸಿ ತೂಗಿದರೆಂದೂ, ಸೂರನ ಮಗಳು ಎರಡನೇ ಭಾರ ಬಿದ್ದಳೆಂದೂ ಅವರು ತಿಳಿದರು. ಸೋತವರಿಗೆ ಬೆಳ್ಳಿ ಕೊಡುವ ಪದ್ಧತಿ ಕುಸ್ತಿ ಕಂಡವರಿಗೆ ಹೊಳೆಯುವಂಥದ್ದೂ ಅಲ್ಲ. ತೂಕಕ್ಕೆ ಸಿಕ್ಕ ಮರ್ಯಾದೆಗೆ ತೂಕದಿಂದಲೇ ಮರ್ಯಾದೆ ಮಾಡಬೇಕು ಎಂದು ಟ್ರಸ್ಟಿನ ಸಭೆಯಲ್ಲಿ ಅಪ್ಪಣೆಯಾಯಿತು. ತುಲಾಭಾರ. ಬೆಲ್ಲದ ತುಲಾಭಾರ. ತಕ್ಕಡಿ ಹೇಗೂ ಗರಡಿಯ ತೊಲೆಗೆ ತೂಗುಹಾಕಿಯೇ ಇತ್ತು, ಶಿವಯೋಗಪ್ಪನವರ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಮಾಡಿಸಿದ್ದು. ಒಬ್ಬರು ಕೂತು ಎದ್ದ ಮೇಲೆ ಅದು ಖಾಲಿ ಇತ್ತು.

ಸುದ್ದಿ ತಂದವನು ಟ್ರಸ್ಟಿನ ಕಾರ್ಯದರ್ಶಿ ಕೊಟ್ಟೂರೇಶ್. ಶಿವಯೋಗಪ್ಪನವರ ಅಣ್ಣನ ಮಗ. ಕೇರಿಯ ಬಾಯಲ್ಲಿ ಸ್ಕೂಟರ್ ನಿಲ್ಲಿಸಿದ, ಇಳಿಯಲಿಲ್ಲ, ಒಂದು ಕಾಲು ಮಾತ್ರ ನೆಲಕ್ಕೆ ಊರಿದ. ಅಮಾವಾಸ್ಯೆ ಕಳೆದ ಭಾನುವಾರ ಗರಡಿಯಲ್ಲಿ ಮಗಳಿಗೆ ತುಲಾಭಾರ ಎಂದು ಅಲ್ಲಿಂದಲೇ ಕೂಗಿ ಹೇಳಿದ.

ಗರಡಿಯಲ್ಲಿ. ಸೂರಪ್ಪನ ಕಿವಿಗೆ ಬಿದ್ದದ್ದು ಆ ಒಂದೇ ಪದ. ಮಗಳು ಒಳಗೆ ಹೋಗಿ ತಕ್ಕಡಿಯಲ್ಲಿ ಕೂತರೆ ಹೆತ್ತ ಅಪ್ಪನನ್ನು ಹೊರಗೆ ನಿಲ್ಲಿಸುವುದುಂಟೆ? ಅವನು ಬಿಳಿ ಅಂಗಿ ತಂದ. ಹಿಮ್ಮಡಿಯ ಒಡಕುಗಳನ್ನು ಕಲ್ಲಿನಿಂದ ಉಜ್ಜಿದ. ಅಖಾಡದ ಮಣ್ಣಿಗೆ ಕೊಳೆ ಕಾಲು ತಾಗಬಾರದಲ್ಲ. ಆ ಮಣ್ಣು ಬಂದದ್ದೇ ನಿನ್ನ ಕಾಲ ಕೆಳಗಿಂದ, ಈಗ ಅದಕ್ಕೆ ಕಾಲು ತೊಳೆಯುತ್ತೀಯಾ ಎಂದು ಉಚ್ಚೆಂಗೆಮ್ಮ ನಕ್ಕಳು. ಅವನು ಮತ್ತಷ್ಟು ಉಜ್ಜಿದ.

ಶನಿವಾರ ಕೊಟ್ಟೂರೇಶ್ ಮತ್ತೆ ಬಂದ. ಈ ಸಲ ದನಿ ಇಳಿದಿತ್ತು.

“ಸೂರ, ಸಣ್ಣದೊಂದು ಅಡ್ಜಸ್ಟ್‌ಮೆಂಟು. ಬಿಂದು ಹೊರಗ ಪೆಂಡಾಲ್‌ನಾಗ ಕೂಡ್ಲಿ. ಕುರ್ಚಿ ಐತೆ, ಫ್ಯಾನ್ ಐತೆ. ಅವಳ ತೂಕದಷ್ಟು ಮಣ್ಣು ಒಂದು ಚೀಲದಾಗ ತುಂಬಿ ಬಾಗಿಲಿಗೆ ತಂದಿಡು. ತಟ್ಟೆಯಾಗ ಅದನ್ನ ಕೂಡಿಸ್ತೀವಿ. ತೂಕ ಒಂದೇ ಅಲ್ಲ, ಏನ್ ವ್ಯತ್ಯಾಸ?”

ಸೂರಪ್ಪ ಹೂಂ ಅಂದ. ಅವನ ಬಾಯಿಗೆ ಬೇರೆ ಪದ ರೂಢಿಯಿರಲಿಲ್ಲ. ಅಂಗಳದಲ್ಲಿ ಕೂತು ಚೀಲ ತುಂಬಿದ. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಗಿರಣಿಯ ತಕ್ಕಡಿಗೆ ಹೊತ್ತೊಯ್ದು ತೂಗಿದ. ಒಂದು ಹಿಡಿ ತೆಗೆದ, ಮತ್ತೆ ಹಾಕಿದ. ಮಗಳನ್ನು ಹುಟ್ಟಿದಾಗ ಅಂಗೈಯಲ್ಲಿ ಎತ್ತಿಕೊಂಡಿದ್ದ. ಈಗ ಅದೇ ಅಂಗೈಯಲ್ಲಿ ಅವಳ ಬದಲಿಗೆ ಮಣ್ಣು ಅಳೆಯುತ್ತಿದ್ದ.

ಹರಿಹರದಿಂದ ಬಸ್ಸಿಳಿದು ಬಂದ ಬಿಂದು, ಅಪ್ಪ ಬಾಯಿ ಹೊಲಿಯುತ್ತಿದ್ದ ಚೀಲ ನೋಡಿದಳು. ಗುದ್ದುವ ಚೀಲ ಎಂದುಕೊಂಡು ಒಂದು ಗುದ್ದು ಹಾಕಲು ಕೈ ಎತ್ತಿದಳು. ಉಚ್ಚೆಂಗೆಮ್ಮ ವಿಷಯ ಹೇಳಿದಳು. ಎತ್ತಿದ ಕೈ ಇಳಿಯಿತು. ತಾನು ನಾಳೆ ಬರುವುದಿಲ್ಲ, ಬೆಲ್ಲವನ್ನು ಅವರೇ ತಿನ್ನಲಿ ಎಂದಳು. ಸೂರಪ್ಪ ದಬ್ಬಣ ಕೆಳಗಿಡದೆ, ತಲೆ ಎತ್ತದೆ ಬೇಡಿಕೊಂಡ. ಒಂದೇ ದಿನ. ಊರು ಸೇರುತ್ತದೆ. ಮೈಕಿನಲ್ಲಿ ನಿನ್ನ ಹೆಸರು ಕೂಗುತ್ತಾರೆ. ನಾನು ಅದನ್ನಾದರೂ ಕೇಳುತ್ತೇನೆ. ಪರದೇಶದಲ್ಲಿ ಯಾರಿಗೂ ಬಗ್ಗದ ಹುಡುಗಿ ಅಪ್ಪನ ಜಾರಿದ ಹೆಗಲು ನೋಡಿ ಒಪ್ಪಿಕೊಂಡಳು.

ಭಾನುವಾರ ಗರಡಿಯ ಮುಂದೆ ರಸ್ತೆಗಡ್ಡ ಪೆಂಡಾಲು. ಬಿಂದು ಕುರ್ಚಿಯಲ್ಲಿ ಹಿಡಿಸದೆ ಕೂತಳು. ಪಕ್ಕದಲ್ಲಿ ಅಪ್ಪ, ಅವ್ವ, ಮಕ್ತುಮ್ ಸಾಬ್. ಎದುರಿಗೆ ದೊಡ್ಡ ಎಲ್‌ಇಡಿ ಪರದೆ. ಒಳಗೆ ನಡೆಯುವ ತನ್ನ ತುಲಾಭಾರವನ್ನು ಬಿಂದು ಹೊರಗೆ ಕೂತು ಟೀವಿಯಲ್ಲಿ ನೋಡುವ ಏರ್ಪಾಡು. ಟ್ರಸ್ಟಿನವರು ಖರ್ಚಿಗೆ ಹಿಂದೆ ನೋಡಿರಲಿಲ್ಲ.

ಪರದೆ ಹೊತ್ತಿಕೊಂಡಿತು. ಸೂರಪ್ಪ ಮೊದಲ ಸಲ ಗರಡಿಯ ಒಳಗನ್ನು ಕಂಡ. ಅಖಾಡ ಕೆಂಪಗೆ, ಸಮನಾಗಿ ಹರಡಿತ್ತು. ಚೆನ್ನಾಗಿತ್ತು. ತನ್ನ ಮಣ್ಣು ಅಷ್ಟು ಚೆನ್ನಾಗಿದೆಯೆಂದು ಅವನಿಗೆ ತಿಳಿದಿರಲಿಲ್ಲ. ಕಣ್ಣು ತುಂಬಿತು. ಆಮೇಲೆ ಕ್ಯಾಮೆರಾ ತಕ್ಕಡಿಗೆ ತಿರುಗಿತು. ಒಂದು ತಟ್ಟೆಯಲ್ಲಿ ಬೆಲ್ಲದ ಅಚ್ಚುಗಳು. ಇನ್ನೊಂದರಲ್ಲಿ ಚೀಲ. ಚೀಲಕ್ಕೆ ಬಿಂದುವಿನ ಫೋಟೋ ಪಿನ್ನು ಚುಚ್ಚಿದ್ದರು. ಫೋಟೋಕ್ಕೆ ಸೇವಂತಿಗೆ ಹಾರ.

“ನನ್ನ ಮಗಳು ಬದುಕೇ ಅದಾಳಲ್ಲ,” ಎಂದಳು ಉಚ್ಚೆಂಗೆಮ್ಮ. ಈ ಸಲ ಅವಳು ನಗಲಿಲ್ಲ.

ಶಿವಯೋಗಪ್ಪನವರು ಬಾಗಿಲಿಗೆ ಬಂದು ಮೈಕು ಹಿಡಿದರು. ಕೆಟ್ಟ ಮನುಷ್ಯರಲ್ಲ, ಬೆಲ್ಲ ಅವರ ಸ್ವಂತ ಗದ್ದೆಯದು. ಭಾರೀ ಮೈ ದೇವರು ಕೊಟ್ಟ ಸಂಪತ್ತೆಂದರು, ಪ್ರಪಂಚಕ್ಕೇ ಎರಡನೇ ಭಾರ ಎಂದರು. ಮಕ್ತುಮ್ ಸಾಬ್ ಬಾಯಿಗೆ ಕರ್ಚೀಫು ಒತ್ತಿಕೊಂಡರು. ಕೊನೆಗೆ, ಮಗಳು ಯಾಕೆ ಹೊರಗೆ ಕೂತಿದ್ದಾಳೆ ಎಂದು ಯಾರಾದರೂ ತಪ್ಪು ತಿಳಿದಾರು ಎಂದು ಯಜಮಾನರು ವಿವರಿಸಿದರು.

“ನಮ್ ಗರಡಿ ಜಾತಿ ಗೀತಿ ನೋಡೋದಲ್ಲ. ಆಂಜನೇಯಸ್ವಾಮಿ ಬ್ರಹ್ಮಚಾರಿ. ಹೆಣ್ಮಕ್ಳು ಒಳಗ ಬರಂಗಿಲ್ಲ, ಅದೊಂದೇ. ಇಲ್ಲಾಂದ್ರೆ ನಮ್ದೇನೂ ಅಡ್ಡಿ ಇಲ್ಲ.”

ಚಪ್ಪಾಳೆ ಬಿತ್ತು. ಸೂರಪ್ಪ ಎದ್ದು ನಿಂತ. ಹೊಸ ಅಂಗಿಯ ತೋಳು ಮಡಿಸಿದ.

“ಯಜಮಾನ್ರೆ, ಹಂಗಾದ್ರೆ ಚೀಲ ಯಾಕ್ರಿ? ಮಗಳ ಬದ್ಲು ನಾನು ಕೂಡ್ತೀನಿ. ನಾನು ಗಂಡಸಲ್ವಾ. ತೂಕ ಕಮ್ಮಿ ಬಿದ್ರೆ ಮಡಿಲಾಗ ಎಲ್ಡು ಬುಟ್ಟಿ ಮಣ್ಣು ಇಟ್ಕೊಂತೀನಿ.”

ಜನ ನಕ್ಕರು. ಒಳ್ಳೇ ತಮಾಷೆ ಎಂದುಕೊಂಡರು. ಸೂರಪ್ಪ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಾಗ ನಗು ನಿಂತಿತು. ಉಜ್ಜಿ ತೊಳೆದ ಕಾಲು ಹೊಸ್ತಿಲ ಹತ್ತಿರ ಬಂದಿತ್ತು. ಕೊಟ್ಟೂರೇಶ್ ಓಡಿಬಂದು ಎರಡೂ ಕೈ ಚಾಚಿ ಅಡ್ಡ ನಿಂತ. ಚಾಚಿದ ಕೈ ಮೈಗೆ ತಾಗದಂತೆ ಎಚ್ಚರ ವಹಿಸಿದ.

“ಸೂರ, ಇಳಿ.”

“ಯಾಕ್ರಿ ಸಾವ್ಕಾರ್ರೆ? ನಾ ಹೆಣ್ಣಲ್ಲ.”

“ಯಾಕ ಅಂತ ನಿಂಗ ಗೊತ್ತಿಲ್ವಾ?”

“ಇಲ್ರಿ. ಹೇಳ್ರಿ. ಮೈಕು ಐತೆ.”

ಗೊತ್ತಿತ್ತು. ಅವನಪ್ಪನಿಗೂ ಗೊತ್ತಿತ್ತು. ಒಂದು ಸಲ ಅವರ ಬಾಯಿಂದ ಕೇಳಬೇಕಿತ್ತು, ಅಷ್ಟೆ. ಸೂರಪ್ಪ ಇಳಿಯಲಿಲ್ಲ. ಶಿವಯೋಗಪ್ಪನವರ ಕೈಯಲ್ಲಿ ಮೈಕು ಇತ್ತು. ಅವರು ಮೈಕನ್ನು ಕೊಟ್ಟೂರೇಶನ ಕಡೆ ಚಾಚಿದರು. ಅವನು ಅದನ್ನು ಇನ್ನೊಬ್ಬ ಸದಸ್ಯನಿಗೆ ದಾಟಿಸಿದ. ಪ್ರಸಾದ ಹಂಚಿದ ಹಾಗೆ ಮೈಕು ಕೈಯಿಂದ ಕೈಗೆ ಹೋಯಿತು. ತಿನ್ನುವವರು ಯಾರೂ ಇರಲಿಲ್ಲ.

ಬಿಂದು ಎದ್ದಳು. ಕುರ್ಚಿಯೂ ಅವಳ ಜೊತೆ ಎದ್ದಿತು, ಅದನ್ನು ಬಿಡಿಸಿ ಪಕ್ಕಕ್ಕಿಟ್ಟಳು. ಅಪ್ಪನ ಪಕ್ಕ ಹೋಗಿ ನಿಂತಳು. ಒಂದು ಕೈ ಸಾಕಿತ್ತು, ಕೊಟ್ಟೂರೇಶನನ್ನು ಸರಿಸಲು. ಅವನಿಗೂ ಅದು ತಿಳಿಯಿತು. ಅವಳು ಕೈ ಎತ್ತಲಿಲ್ಲ.

“ಅಜ್ಜಾರೆ, ತಾಷ್ಕೆಂಟ್‌ನಾಗ ನನ್ ಬದ್ಲು ಚೀಲ ಕಳ್ಸಿದ್ರೆ ಎತ್ತಿ ಆಚೆ ಬಿಸಾಕ್ತಿದ್ರು. ಏಟು ತಿನ್ನಾಕೆ ನಾನು, ಕೂಡಾಕೆ ಚೀಲ ಏನ್ರಿ?”

ಶಿವಯೋಗಪ್ಪನವರು ಮೈಕು ಎಲ್ಲಿ ಹೋಯಿತೆಂದು ಹಿಂದೆ ಮುಂದೆ ನೋಡಿದರು.

“ನಮ್ ಮಣ್ಣು ಹೊರಗ ಕೊಡ್ರಿ,” ಎಂದ ಸೂರಪ್ಪ. ಕೊಡಿಸಿ ಎಂದು ಬೇಡಲಿಲ್ಲ. ಕೊಡಿ ಎಂದ.

ಒಳಗಿದ್ದ ಇಬ್ಬರು ಪೈಲ್ವಾನರು ಮುಖ ಮುಖ ನೋಡಿಕೊಂಡರು. ಆ ಬೆನ್ನುಗಳಿಗೆ ಸೂರಪ್ಪನ ಮಣ್ಣಿನ ಗುರುತಿತ್ತು. ಯಾರ ಅಪ್ಪಣೆಗೂ ಕಾಯದೆ ಅವರು ತಟ್ಟೆಯಿಂದ ಚೀಲ ಎತ್ತಿದರು. ಇನ್ನೊಂದು ತಟ್ಟೆ ಧಡಾರನೆ ನೆಲಕ್ಕೆ ಬಿತ್ತು. ಬೆಲ್ಲದ ಅಚ್ಚುಗಳು ಉರುಳಿದವು. ಒಂದೆರಡು ಹೊಸ್ತಿಲು ದಾಟಿ ಮೆಟ್ಟಿಲಿಳಿದು ರಸ್ತೆಗೂ ಬಂದವು. ಪೈಲ್ವಾನರು ಚೀಲ ತಂದು ಮೆಟ್ಟಿಲ ಮೇಲಿಟ್ಟರು. ಉಚ್ಚೆಂಗೆಮ್ಮ ಬೆಲ್ಲದ ಮೇಲೆ ಕಾಲಿಡದೆ ಸುತ್ತಿ ಬಂದು, ಚೀಲದ ಫೋಟೋಕ್ಕೆ ಹಾಕಿದ್ದ ಹಾರ ಕಿತ್ತು ಅಲ್ಲೇ ನಿಂತಿದ್ದ ಆಡಿನ ಬಾಯಿಗೆ ಕೊಟ್ಟಳು. ಅಂದಿನ ಸನ್ಮಾನದಿಂದ ತೃಪ್ತಿಯಾಗಿ ಹೋದದ್ದು ಆ ಆಡು ಒಂದೇ.

ಬಿಂದು ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಮಕ್ತುಮ್ ಸಾಬ್ ಸ್ಕೂಟರ್ ತಂದರು. ಚೀಲ ಇಟ್ಟೊಡನೆ ಮುಂದಿನ ಗಾಲಿ ಮೇಲೆದ್ದಿತು. ಅವಳು ಮತ್ತೆ ಹೆಗಲಿಗೇರಿಸಿದಳು. ಆನೆಕೊಂಡದವರೆಗೆ ನಡೆದಳು. ಅಲ್ಲಲ್ಲಿ ಇಳಿಸಿ, ಬೈದು, ನೀರು ಕುಡಿದು, ಮತ್ತೆ ಹೊತ್ತಳು. ಸೂರಪ್ಪ ಹಿಂದಿನಿಂದ ಎರಡೂ ಕೈಯಲ್ಲಿ ಚೀಲ ಆನಿಸಿ ಹಿಡಿದು ನಡೆದ. ದಾರಿಯಲ್ಲಿ ಅವನು ಅತ್ತ. ಅವಮಾನಕ್ಕೆ ಅತ್ತನೋ ಹಗುರಾಗಿ ಅತ್ತನೋ ಅವನಿಗೇ ತಿಳಿಯಲಿಲ್ಲ. ಹೊಸ ಅಂಗಿ ಕೆಂಪಾಯಿತು.

ಮನೆ ಮುಂದಿನ ಬಯಲಲ್ಲಿ ಚೀಲದ ಬಾಯಿ ಬಿಚ್ಚಿ ಸುರಿದರು. ಅಷ್ಟು ಮಣ್ಣು ಒಂದು ಚಾಪೆಯಗಲಕ್ಕೂ ಸಾಲಲಿಲ್ಲ. ಮರುದಿನ ಸೂರಪ್ಪ ಕೊಂಡಜ್ಜಿಗೆ ಹೋದ. ಅದರ ಮರುದಿನವೂ ಹೋದ. ಗರಡಿಗೆ ಹಿಡಿಯುತ್ತಿದ್ದ ಅದೇ ಜರಡಿ ಹಿಡಿದ. ಉಚ್ಚೆಂಗೆಮ್ಮ ಮಜ್ಜಿಗೆ ಸುರಿದಳು, ಮನೆಯ ಸಾರಿಗೆ ಇಟ್ಟಿದ್ದ ಅರಿಸಿನ ಪುಡಿ ಉದುರಿಸಿ ಗೊಣಗಿದಳು. ಬಿಂದು ನಾಲ್ಕು ಗೂಟ ನೆಟ್ಟು ಹಗ್ಗ ಬಿಗಿದಳು. ಕೇರಿಯ ಹುಡುಗಿಯರು ಬಂದರು, ಆಚೆ ಓಣಿಯ ಫಿಜಾ ಬಂದಳು. ಸಂಜೆಯಾದರೆ ಒಬ್ಬರ ಮೂಗಿಗೊಬ್ಬರು ಗುದ್ದುವುದು, ಅಯ್ಯೋ ಎನ್ನುವುದು, ನಗುವುದು.

ನಾಗರಪಂಚಮಿ ಹತ್ತಿರವಾಯಿತು. ಗರಡಿಯ ಅಖಾಡ ಒಣಗಿ ಬಿರುಕು ಬಿಟ್ಟಿತ್ತು. ಟ್ರಸ್ಟಿನವರು ಕೇರಿಯ ಬೇರೆಯವರನ್ನು ಕೇಳಿ ನೋಡಿದರು. ಆ ವಾರ ಕೇರಿಯಲ್ಲಿ ಎಲ್ಲರಿಗೂ ಸೊಂಟನೋವು. ಕೊನೆಗೆ ಕೊಟ್ಟೂರೇಶನೇ ಬಂದ. ಸ್ಕೂಟರ್ ನಿಲ್ಲಿಸಿ ಈ ಸಲ ಎರಡೂ ಕಾಲು ಕೆಳಗಿಟ್ಟ. ಆದದ್ದು ಆಯಿತು, ಸೂರಪ್ಪ ಮೊದಲಿನ ಹಾಗೆ ಬಾಗಿಲವರೆಗೆ ಮಣ್ಣು ತಂದಿಟ್ಟರೆ ಸಾಕು, ಪೈಲ್ವಾನರು ಕಾಯುತ್ತಿದ್ದಾರೆ ಎಂದ.

ಸೂರಪ್ಪ ಬಯಲಿನ ಅಂಚಿನಲ್ಲಿ ಕೂತು ಜರಡಿಗೆ ಅಂಟಿದ ಮಣ್ಣು ತಟ್ಟುತ್ತಿದ್ದ. ಎದ್ದು ನಿಂತ. ಕೈ ಮುಗಿದ, ಅದು ರೂಢಿ. ಆಮೇಲೆ ಆ ಕೈಯನ್ನೇ ಹಗ್ಗದ ಕಡೆ ಚಾಚಿ ತೋರಿಸಿದ.

“ಮಣ್ಣು ಐತೆ ಸಾವ್ಕಾರ್ರೆ, ಬೇಕಾದಷ್ಟೈತೆ. ಪೈಲ್ವಾನ್ರನ್ನ ಇಲ್ಲಿಗೇ ಕಳಿಸ್ರಿ, ಬಂದು ಆಡ್ಲಿ. ಇಲ್ಲಿ ನಾವು ಬಾಗಿಲು ಇಟ್ಟಿಲ್ಲ.”